ಒಂದು ಲೋಟ ಟೀ: ಮಾಡುವ ಬಗೆ, ಕುಡಿಯುವ ಹೊತ್ತು

(ಅಂತರರಾಷ್ಟ್ರೀಯ ಚಹಾ ದಿನದ ಅಂಗವಾಗಿ ನಮ್ಮ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ಅಚ್ಯುತಾಪುರಂನಲ್ಲಿ ಇಂದು ಸೇರಿರುವ ಅಕ್ಕ-ತಂಗಿಯರಿಗೆ, ವಿಶಾಖಪಟ್ಟಣದಿಂದ ಬಿಸಿಲಲ್ಲಿ ಬಸ್ಸು ಹಿಡಿದು ಬಂದವರಿಗೆ, ವಿಜಯವಾಡದ ತಮ್ಮ ಮನೆಗಳಿಂದ ಪರದೆಯ ಮೇಲೆ ನಮ್ಮನ್ನು ನೋಡುತ್ತಿರುವವರಿಗೆ, ಎಲ್ಲರಿಗೂ ಸ್ವಾಗತ.

ಮೇ 21 ಅಂತರರಾಷ್ಟ್ರೀಯ ಚಹಾ ದಿನ. ವಿಶ್ವಸಂಸ್ಥೆ 2019ರ ಕೊನೆಯಲ್ಲಿ ಇದನ್ನು ಘೋಷಿಸಿತು, 2020ರಿಂದ ಆಚರಣೆ ನಡೆದಿದೆ. ಈ ದಿನಕ್ಕೆ ಹತ್ತು ನಿಮಿಷ ಮಾತಾಡಬೇಕು ಎಂದು ನಮ್ಮ ಕಾರ್ಯದರ್ಶಿ ಹೇಳಿದಾಗ, "ನಾನು ಕಂಪ್ಯೂಟರ್ ಸೈನ್ಸ್ ಓದಿದವಳು, ಟೀ ಬಗ್ಗೆ ಏನು ಮಾತಾಡಲಿ?" ಅಂದೆ. "ನೀನು ಮೀಟಿಂಗಿನಲ್ಲಿ ಇರುವಾಗಲೆಲ್ಲ ಕೈಯಲ್ಲಿ ಲೋಟ ಇರುತ್ತಲ್ಲ, ಅದರ ಬಗ್ಗೆನೇ ಮಾತಾಡು" ಅಂದರು. ಹಾಗಾಗಿ ಆ ಲೋಟದ ಬಗ್ಗೆಯೇ ಮಾತಾಡುತ್ತೇನೆ. ಮೊದಲು ಟೀ ಮಾಡುವ ಬಗೆಗಳು, ಆಮೇಲೆ ನನಗೆ ಆದ ಒಂದು ಅನುಭವ. ಮೊದಲ ಭಾಗ ಕೇಳಲು ಚೆನ್ನಾಗಿರುತ್ತದೆ. ಎರಡನೆಯ ಭಾಗವನ್ನು ದಯವಿಟ್ಟು ಮರೆಯದೆ ಮನೆಗೆ ತೆಗೆದುಕೊಂಡು ಹೋಗಿ.

ನಾನು ಹುಬ್ಬಳ್ಳಿಯವಳು. ನಮ್ಮ ಕಡೆ ಅದು ಟೀ ಅಲ್ಲ, ಚಹಾ. ಮನೆಗೆ ಬಂದವರು "ಚಹಾ ಬ್ಯಾಡ್ರಿ, ಈಗರ ಕುಡದು ಬಂದೇನಿ" ಅಂದರೂ ಒಲೆಯ ಮೇಲೆ ಪಾತ್ರೆ ಏರಿರುತ್ತದೆ. ಮದುವೆಯಾಗಿ ಹೋದದ್ದು ಹಾಸನದ ಮನೆಗೆ. ಅಲ್ಲಿ ಕಾಫಿಯೇ ದೇವರು. ಮೊದಲ ದಿನ ಬೆಳಗ್ಗೆ ನಾನು ಚಹಾಪುಡಿ ಡಬ್ಬಿ ಹುಡುಕಿದಾಗ ಅತ್ತೆ, "ಯಾಕಮ್ಮ, ಜ್ವರನಾ?" ಎಂದು ಕೇಳಿದ್ದರು. ಅವರ ಮನೆಯಲ್ಲಿ ಟೀ ಎಂದರೆ ಹುಷಾರಿಲ್ಲದಾಗ ಕುಡಿಯುವ ಪಾನೀಯ! ನಡುವೆ ಎಂ.ಟೆಕ್ ಮಾಡಲು ಸುರತ್ಕಲ್‌ನಲ್ಲಿ ಎರಡು ವರ್ಷ ಇದ್ದೆ. ಅಲ್ಲಿ ಅದು ಚಾ. ನನ್ನ ರೂಮಿನ ಗೆಳತಿ ಕಾಸರಗೋಡಿನವಳು. ಅವಳು ರಾತ್ರಿ ಓದುವಾಗ ಹಾಲಿಲ್ಲದೆ, ಏಲಕ್ಕಿ ಜಜ್ಜಿ ಹಾಕಿ, ಕೊನೆಗೆ ನಿಂಬೆಹಣ್ಣು ಹಿಂಡಿ ಸುಲೈಮಾನಿ ಮಾಡಿಕೊಡುತ್ತಿದ್ದಳು. ಆರು ವರ್ಷದ ಹಿಂದೆ ಯಜಮಾನರ ಕೆಲಸಕ್ಕಾಗಿ ಅಚ್ಯುತಾಪುರಂಗೆ ಬಂದೆವು. ಇಲ್ಲಿ ಅದು ಮತ್ತೆ ಟೀ ಆಯಿತು. ಅಲ್ಲಂ ಟೀ, ಬೆಲ್ಲಂ ಟೀ.

ಒಂದೇ ಕನ್ನಡದಲ್ಲಿ ಚಹಾ, ಚಾ, ಟೀ ಎಂದು ಮೂರು ಹೆಸರು ಏಕೆ ಎಂದು ನಿಮಗೂ ಅನಿಸಿರಬಹುದು. ಮೂರೂ ಚೀನಾದಿಂದಲೇ ಬಂದವು. ಚೀನಾದ ಹೆಚ್ಚಿನ ಭಾಗದಲ್ಲಿ ಈ ಗಿಡವನ್ನು 'ಚಾ' ಎನ್ನುತ್ತಾರೆ. ಅಲ್ಲಿಂದ ನೆಲದ ದಾರಿಯಲ್ಲಿ ಪರ್ಷಿಯಾ ಕಡೆಗೆ ಹೋದ ಹೆಸರು ಚಾಯ್. ಮಕಾವ್‌ನಲ್ಲಿ ವ್ಯಾಪಾರ ಮಾಡುತ್ತಿದ್ದ ಪೋರ್ಚುಗೀಸರು ಒಯ್ದದ್ದೂ 'ಚಾ' ಎಂಬ ಹೆಸರನ್ನೇ. ಆದರೆ ಫುಜಿಯಾನ್ ಕರಾವಳಿಯ ಜನರ ಮಾತಿನಲ್ಲಿ ಅದು 'ತೆ'. ಅಲ್ಲಿಂದ ಹಡಗಿನಲ್ಲಿ ಸೊಪ್ಪು ಸಾಗಿಸಿದ ಡಚ್ಚರು ಆ ಹೆಸರನ್ನು ಯುರೋಪಿಗೆ ಕೊಂಡೊಯ್ದರು. ಅದು ಇಂಗ್ಲಿಷಿನ ಟೀ ಆಯಿತು. ಬೆಂಗಳೂರು, ಮೈಸೂರು ಕಡೆಯವರ ಬಾಯಲ್ಲಿ ಇಂಗ್ಲಿಷಿನ ಟೀ ನಿಂತಿತು. ಮರಾಠಿಯ ನೆರೆಯಲ್ಲಿರುವ ನಮಗೆ ಚಹಾ ಉಳಿಯಿತು.

ಹೆಸರು ಮೂರಾದರೂ ಗಿಡ ಒಂದೇ, ಕ್ಯಾಮೆಲಿಯಾ ಸೈನೆನ್ಸಿಸ್. ಗ್ರೀನ್ ಟೀ ಬೇರೆ ಗಿಡ, ಬ್ಲ್ಯಾಕ್ ಟೀ ಬೇರೆ ಗಿಡ ಎಂದು ನಾನೂ ಬಹಳ ದಿನ ತಿಳಿದಿದ್ದೆ. ಅಲ್ಲ. ಕಿತ್ತ ಎಲೆಯನ್ನು ಕೂಡಲೇ ಬಿಸಿ ಮಾಡಿ ಒಣಗಿಸಿದರೆ ಹಸಿರು ಟೀ. ಬಾಡಿಸಿ, ಹಿಸುಕಿ, ಗಾಳಿಗೆ ಬಿಟ್ಟು ಕಪ್ಪಾದ ಮೇಲೆ ಒಣಗಿಸಿದರೆ ಕಪ್ಪು ಟೀ. ಅರ್ಧಕ್ಕೆ ನಿಲ್ಲಿಸಿದರೆ ಊಲಾಂಗ್. ಹೆಚ್ಚಿಟ್ಟ ಸೇಬುಹಣ್ಣು ಸ್ವಲ್ಪ ಹೊತ್ತಿಗೆ ಕಂದಾಗುತ್ತದಲ್ಲ, ಬಹುಮಟ್ಟಿಗೆ ಅದೇ ಕ್ರಿಯೆ. ತುಳಸಿ ಟೀ, ಶಂಖಪುಷ್ಪದ ನೀಲಿ ಟೀ ಎಂಬವು ನಿಜವಾಗಿ ಟೀ ಅಲ್ಲ, ಅವು ಕಷಾಯಗಳು. ನಮ್ಮ ಮಲೆನಾಡಿನ ಮನೆಗಳಲ್ಲಿ ಕೊತ್ತಂಬರಿ, ಜೀರಿಗೆ, ಮೆಣಸು ಹುರಿದು ಪುಡಿ ಮಾಡಿ ಬೆಲ್ಲ-ಹಾಲು ಹಾಕಿ ಕೊಡುತ್ತಾರಲ್ಲ, ಅದೇ ಗುಂಪು.

ನಮ್ಮಲ್ಲಿ ಹೆಚ್ಚಿನವರು ಬಳಸುವ ಹರಳಿನಂಥ ಪುಡಿಗೆ ಸಿಟಿಸಿ ಎಂದು ಹೆಸರು. ಎಲೆಯನ್ನು ಹಲ್ಲಿನ ಉರುಳೆಗಳ ನಡುವೆ ಅರೆದು, ಹರಿದು, ಸುರುಳಿ ಮಾಡುವ ಯಂತ್ರ 1930ರ ದಶಕದಲ್ಲಿ ಅಸ್ಸಾಂನಲ್ಲಿ ಬಂತು. ಇದರ ಡಿಕಾಕ್ಷನ್ ಬೇಗ ಇಳಿಯುತ್ತದೆ, ಬಣ್ಣ ಗಾಢ, ಹಾಲು ಹಾಕಿದರೂ ರುಚಿ ತಡೆದುಕೊಳ್ಳುತ್ತದೆ. ಎಲೆ ಎಲೆಯಾಗಿ ಉಳಿಯುವ ಹಳೆಯ ಪದ್ಧತಿಯ ಪುಡಿಗೆ ಆರ್ಥೊಡಾಕ್ಸ್ ಎನ್ನುತ್ತಾರೆ. ಡಾರ್ಜಿಲಿಂಗ್ ಹೆಚ್ಚಾಗಿ ಅದು. ಅದನ್ನು ನಮ್ಮ ಹಾಗೆ ಹಾಲಿನಲ್ಲಿ ಕುದಿಸಿದರೆ ದುಡ್ಡು ದಂಡ. ನಮ್ಮ ಕಾಫಿ ನಾಡು ಚಿಕ್ಕಮಗಳೂರಿನಲ್ಲೂ ಕೆಳಗೂರಿನಲ್ಲಿ ಟೀ ತೋಟ ಇದೆ ಎಂಬುದನ್ನು ನಾನು ಅತ್ತೆಗೆ ಆಗಾಗ ನೆನಪಿಸುತ್ತಿರುತ್ತೇನೆ!

ಇನ್ನು ಮಾಡುವ ಬಗೆ. ಎಲ್ಲ ಬಗೆಗಳನ್ನೂ ಮೂರು ಪ್ರಶ್ನೆಗೆ ಇಳಿಸಬಹುದು. ನೀರು ಎಷ್ಟು ಬಿಸಿ? ಎಷ್ಟು ಹೊತ್ತು? ಜೊತೆಗೆ ಏನು? ಬಿಸಿನೀರು ಬಿದ್ದ ಕೂಡಲೇ ಎಲೆಯಿಂದ ಪರಿಮಳ ಮತ್ತು ಕೆಫೀನ್ ಬೇಗ ಇಳಿಯುತ್ತವೆ. ಒಗರು ಕೊಡುವ ಟ್ಯಾನಿನ್‌ಗಳು ನಿಧಾನವಾಗಿ, ಆದರೆ ಹೊತ್ತು ಕಳೆದಂತೆಲ್ಲ ಇಳಿಯುತ್ತಲೇ ಇರುತ್ತವೆ. ಹೆಚ್ಚು ಹೊತ್ತು ಕುದಿಸಿದ ಟೀ ನಾಲಿಗೆಯನ್ನು ಹಿಡಿದ ಹಾಗೆ ಆಗುವುದು ಇದರಿಂದ. ಈ ಮಾತನ್ನು ನೆನಪಿಡಿ, ಆಮೇಲೆ ಬೇಕಾಗುತ್ತದೆ.

ಹಸಿರು ಟೀಗೆ ಕುದಿಯುವ ನೀರು ಬೇಡ. 70ರಿಂದ 80 ಡಿಗ್ರಿ, ಎರಡು-ಮೂರು ನಿಮಿಷ ಸಾಕು. ಕುದಿದ ನೀರನ್ನು ಇಳಿಸಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಕಹಿಯಾಗುವುದಿಲ್ಲ. ಜಪಾನಿನಲ್ಲಿ ಮಾಚಾ ಎಂಬ ನುಣ್ಣನೆಯ ಹಸಿರು ಪುಡಿಯನ್ನು ಬಿದಿರಿನ ಕಡ್ಡಿಗಳಿಂದ ನೊರೆ ಬರುವ ಹಾಗೆ ಕಡೆಯುತ್ತಾರೆ. ಸೋಸುವುದೇ ಇಲ್ಲ, ಎಲೆಯನ್ನೇ ಕುಡಿದ ಹಾಗೆ. ಬ್ರಿಟಿಷರು ಪಾಟ್‌ನಲ್ಲಿ ಎಲೆ ಹಾಕಿ, ಕುದಿಯುವ ನೀರು ಸುರಿದು, ಮುಚ್ಚಿಟ್ಟು, ಕಪ್ಪಿಗೆ ಬಗ್ಗಿಸುತ್ತಾರೆ. ಜಾರ್ಜ್ ಆರ್ವೆಲ್ ಎಂಬ ಲೇಖಕ 1946ರಲ್ಲಿ ಪತ್ರಿಕೆಯೊಂದಕ್ಕೆ ಒಳ್ಳೆಯ ಟೀ ಮಾಡಲು ಹನ್ನೊಂದು ನಿಯಮ ಬರೆದಿದ್ದ. ನಮ್ಮಂಥ ಎಂಜಿನಿಯರುಗಳಿಗೆ ಅದಕ್ಕಿಂತ ಖುಷಿಯ ವಿಷಯ ಬೇರೆ ಇದೆ. ಟೀ ಮಾಡಲು ಐಎಸ್‌ಒ ಮಾನದಂಡವೇ ಇದೆ! ಐಎಸ್‌ಒ 3103, ಮೊದಲು ಬಂದದ್ದು 1980ರಲ್ಲಿ. ನೂರು ಮಿಲಿಲೀಟರ್ ನೀರಿಗೆ ಎರಡು ಗ್ರಾಂ ಟೀ, ಕುದಿಯುವ ನೀರು, ಆರು ನಿಮಿಷ. ಇದು ಮನೆಯವರಿಗಲ್ಲ, ಬೇರೆ ಬೇರೆ ಟೀಗಳ ರುಚಿಯನ್ನು ಹೋಲಿಸಿ ನೋಡುವ ಪರಿಣತರಿಗೆ. ಇದೇ ವಿಧಾನದ ಬ್ರಿಟಿಷ್ ಮಾನದಂಡಕ್ಕೆ 1999ರಲ್ಲಿ ತಮಾಷೆಯ ಇಗ್ನೊಬೆಲ್ ಸಾಹಿತ್ಯ ಪ್ರಶಸ್ತಿಯೂ ಬಂತು.

ಕಾಶ್ಮೀರದ ನೂನ್ ಚಾಯ್‌ನಲ್ಲಿ ಸಕ್ಕರೆ ಇಲ್ಲ, ಉಪ್ಪು. ಹಸಿರು ಎಲೆಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಬಹಳ ಹೊತ್ತು ಕುದಿಸಿ, ಸೌಟಿನಿಂದ ಎತ್ತಿ ಎತ್ತಿ ಹೊಯ್ದು ಗಾಳಿಯಾಡಿಸುತ್ತಾರೆ. ಕಡುಗೆಂಪಾದ ಆ ನೀರಿಗೆ ಹಾಲು ಹಾಕಿದಾಗ ಗುಲಾಬಿ ಬಣ್ಣ ಬರುತ್ತದೆ. ಟಿಬೆಟ್ ಮತ್ತು ಲಡಾಖ್‌ನಲ್ಲಿ ಬೆಣ್ಣೆ, ಉಪ್ಪು ಹಾಕಿ ಉದ್ದನೆಯ ಕೊಳವೆಯಂಥ ಮರದ ಪಾತ್ರೆಯಲ್ಲಿ ಕಡೆಯುತ್ತಾರೆ. ಆ ಚಳಿಗೆ ಬೆಣ್ಣೆಯ ಶಕ್ತಿ ಬೇಕು. ಅದನ್ನು ಕುಡಿಯಲು ಅಷ್ಟು ದೂರ ಹೋಗಬೇಕಾಗಿಲ್ಲ. ಮೈಸೂರು ಜಿಲ್ಲೆಯ ಬೈಲುಕುಪ್ಪೆಯಲ್ಲಿ 1960ರ ದಶಕದಿಂದ ಟಿಬೆಟಿಯನ್ನರು ನೆಲೆಸಿದ್ದಾರೆ, ಅಲ್ಲಿ ಸಿಗುತ್ತದೆ. ನಾನು ಕುಡಿದಿದ್ದೇನೆ. ಟೀ ಎಂದುಕೊಂಡು ಕುಡಿದರೆ ಮುಖ ಹುಳ್ಳಗಾಗುತ್ತದೆ, ಸೂಪ್ ಎಂದುಕೊಂಡು ಕುಡಿದರೆ ರುಚಿಯಾಗಿದೆ.

ಹೈದರಾಬಾದಿನ ಇರಾನಿ ಚಾಯ್ ವಿಜಯವಾಡದವರಿಗೂ ಗೊತ್ತು. ಅದರ ಗುಟ್ಟು ಎರಡು ಪಾತ್ರೆ. ಒಂದರಲ್ಲಿ ಡಿಕಾಕ್ಷನ್ ಮುಚ್ಚಿಟ್ಟು ಸಣ್ಣ ಉರಿಯಲ್ಲಿ ದಮ್ ಆಗುತ್ತಿರುತ್ತದೆ. ಇನ್ನೊಂದರಲ್ಲಿ ಹಾಲು ಕುದಿದು ಕುದಿದು ಗಟ್ಟಿಯಾಗುತ್ತಿರುತ್ತದೆ. ಗಿರಾಕಿ ಬಂದಾಗ ಎರಡನ್ನೂ ಕಪ್ಪಿನಲ್ಲಿ ಕೂಡಿಸಿ ಉಸ್ಮಾನಿಯಾ ಬಿಸ್ಕತ್ತಿನ ಜೊತೆ ಕೊಡುತ್ತಾರೆ.

ಈಗ ನಮ್ಮ ಊರಿಗೆ ಬರೋಣ. ಬೆಳಗ್ಗೆ ಆರಕ್ಕೇ ಇಲ್ಲಿನ ರಸ್ತೆಯಲ್ಲಿ ಬಸ್ಸುಗಳ ಸಾಲು. ವಿಶೇಷ ಆರ್ಥಿಕ ವಲಯದ ಬಟ್ಟೆ ಕಾರ್ಖಾನೆಗೆ ಸುತ್ತಲಿನ ಹಳ್ಳಿಗಳಿಂದ ಸಾವಿರಾರು ಹೆಣ್ಣುಮಕ್ಕಳು ಕೆಲಸಕ್ಕೆ ಬರುತ್ತಾರೆ. ಬಸ್ಸು ಇಳಿಯುವ ಜಾಗದ ಹತ್ತಿರ ಒಂದು ತಳ್ಳುಗಾಡಿ ಇದೆ. ಅದನ್ನು ನಡೆಸುವ ಅಮ್ಮ ನನಗೆ ಇಲ್ಲಿನ ಎರಡು ಟೀ ಕಲಿಸಿದರು.

ಮೊದಲನೆಯದು ಅಲ್ಲಂ ಟೀ. ಅಲ್ಲಂ ಎಂದರೆ ಶುಂಠಿ. ನಮ್ಮ ಹುಬ್ಬಳ್ಳಿ ಕಡೆಯೂ ಹಸಿಶುಂಠಿಗೆ ಅಲ್ಲ ಎನ್ನುವುದರಿಂದ ನನಗೆ ಈ ಮಾತು ಮೊದಲ ದಿನವೇ ತಿಳಿಯಿತು. ಶುಂಠಿಯನ್ನು ಹಾಲು ಹಾಕಿದ ಮೇಲೆ ಹಾಕಬಾರದು. ಮೊದಲು ಬರೀ ನೀರಿನಲ್ಲಿ ಎರಡು ನಿಮಿಷ ಚೆನ್ನಾಗಿ ಕುದಿಸಬೇಕು. ಹಸಿಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಒಡೆಯುವ ಒಂದು ಕಿಣ್ವ ಇದೆ, ಕುದಿಸಿದಾಗ ಅದು ನಾಶವಾಗುತ್ತದೆ. ಅದರ ಹೆಸರು ಆ ಅಮ್ಮನಿಗೆ ಗೊತ್ತಿಲ್ಲ, ಕೆಲಸ ಗೊತ್ತು. "ಪಾಲು ವಿರಿಗಿಪೋತಾಯಮ್ಮಾ" ಅಂದರು, ಹಾಲು ಒಡೆದುಹೋಗುತ್ತದೆ ಎಂದು.

ಎರಡನೆಯದು ಬೆಲ್ಲಂ ಟೀ. ಇದು ಈ ನೆಲದ್ದೇ ರುಚಿ. ನಮ್ಮ ಜಿಲ್ಲಾಕೇಂದ್ರ ಅನಕಾಪಲ್ಲಿ ದೇಶದ ದೊಡ್ಡ ಬೆಲ್ಲದ ಮಾರುಕಟ್ಟೆಗಳಲ್ಲಿ ಒಂದು. ಬೆಲ್ಲದ ಟೀ ಮಾಡಲು ಹೋಗಿ ಹಾಲು ಒಡೆದುಕೊಂಡವರು ಇಲ್ಲಿ ಎಷ್ಟು ಜನ ಇದ್ದೀರಿ? (ಬಹಳ ಕೈಗಳು ಮೇಲೆ ಬಂದವು.) ನಾನೂ ಒಬ್ಬಳು. ಬೆಲ್ಲದಲ್ಲಿ ಸ್ವಲ್ಪ ಹುಳಿ ಅಂಶ ಇರುತ್ತದೆ, ಕುದಿಯುವ ಹಾಲಿಗೆ ಅದು ಬಿದ್ದರೆ ಒಡೆಯುತ್ತದೆ. ಅದಕ್ಕೆ ಟೀಯನ್ನು ಪೂರ್ತಿ ಕುದಿಸಿ, ಒಲೆ ಆರಿಸಿ, ಕುದಿ ಇಳಿದ ಮೇಲೆ ಪುಡಿ ಮಾಡಿದ ಬೆಲ್ಲ ಹಾಕಿ ಕದಡಬೇಕು. ಮತ್ತೆ ಒಲೆಗೆ ಇಡಬಾರದು. ಇಷ್ಟೇ.

ಇಷ್ಟೊಂದು ಬಗೆ ಇದ್ದರೂ, ಟೀ ನಮ್ಮ ಹಳೆಯ ಸಂಪ್ರದಾಯ ಏನಲ್ಲ. ಹಿಂದೆ ಮನೆಗೆ ಬಂದವರಿಗೆ ಬೆಲ್ಲ-ನೀರು, ಮಜ್ಜಿಗೆ ಕೊಡುತ್ತಿದ್ದರು. ಅಸ್ಸಾಂನ ಸಿಂಗ್ಫೋ ಜನರು ತಮ್ಮ ಕಾಡಿನ ಈ ಗಿಡವನ್ನು ಮೊದಲಿನಿಂದ ಬಳಸುತ್ತಿದ್ದರು. ರಾಬರ್ಟ್ ಬ್ರೂಸ್ ಅದನ್ನು ಅಲ್ಲಿ ಕಂಡದ್ದು 1823ರಲ್ಲಿ. ಅಸ್ಸಾಂ ಟೀ ಲಂಡನ್ನಿನಲ್ಲಿ ಮೊದಲ ಸಲ ಹರಾಜಾದದ್ದು 1839ರಲ್ಲಿ. ಬೆಳೆದದ್ದು ಇಲ್ಲಿ, ಕುಡಿದದ್ದು ಅಲ್ಲಿ. ಇಪ್ಪತ್ತನೆಯ ಶತಮಾನ ಶುರುವಾದಾಗಲೂ ನಮ್ಮ ಜನ ಹೆಚ್ಚಾಗಿ ಟೀ ಕುಡಿಯುತ್ತಿರಲಿಲ್ಲ. 1903ರಲ್ಲಿ ಟೀ ಮೇಲೆ ಒಂದು ಸೆಸ್ ಹಾಕಿ, ಆ ಹಣದಲ್ಲಿ ಪ್ರಚಾರ ಶುರುವಾಯಿತು. ಮುಂದೆ ರೈಲ್ವೆ ನಿಲ್ದಾಣಗಳಲ್ಲಿ, ಕಾರ್ಖಾನೆಗಳಲ್ಲಿ, ಸಂತೆಗಳಲ್ಲಿ ಟೀ ಮಾಡಿ ತೋರಿಸಿದರು, ಕುಡಿಸಿದರು. ಎಲೆಯ ಮೇಲೆ ಬಿಸಿನೀರು ಸುರಿದು ಮುಚ್ಚಿಡಿ ಎಂದು ಅವರು ಕಲಿಸಿದರು. ನಮ್ಮವರು ಕೇಳಲಿಲ್ಲ. ಪುಡಿ ಕಡಿಮೆ ಹಾಕಿ, ಹಾಲು ಸೇರಿಸಿ, ಶುಂಠಿ-ಏಲಕ್ಕಿ ಜಜ್ಜಿ ಹಾಕಿ, ಚೆನ್ನಾಗಿ ಕುದಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಅಗ್ಗದ ಸಿಟಿಸಿ ಪುಡಿ ಹಳ್ಳಿಹಳ್ಳಿಗೂ ತಲುಪಿತು. ಇಂದು ನಮ್ಮ ದೇಶದಲ್ಲಿ ಬೆಳೆಯುವ ಟೀಯಲ್ಲಿ ಸುಮಾರು ಶೇಕಡಾ 80ನ್ನು ನಾವೇ ಕುಡಿಯುತ್ತೇವೆ. ಅಂದರೆ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಟೀ ಮಾಡುವ ಪದ್ಧತಿ ನಮ್ಮ ಅಜ್ಜಿಯರ ಕಾಲದಿಂದ ಈಚೆಗೆ ಬಂದದ್ದು. ಬಂದ ಪದ್ಧತಿಯನ್ನು ಬದಲಾಯಿಸಬಹುದು ಎಂದು ಹೇಳಲು ಇಷ್ಟು ಹೇಳಿದೆ.

ಈಗ ನನ್ನ ಅನುಭವ.

ಎರಡು ವರ್ಷದ ಹಿಂದೆ ನನಗೆ ವಿಪರೀತ ಸುಸ್ತು ಶುರುವಾಯಿತು. ನಾವಿರುವುದು ಮೂರನೆಯ ಮಹಡಿಯಲ್ಲಿ. ತರಕಾರಿ ಚೀಲ ಹಿಡಿದು ಹತ್ತುವಾಗ ಎರಡನೆಯ ಮಹಡಿಯಲ್ಲಿ ನಿಂತು ಉಸಿರು ತೆಗೆದುಕೊಳ್ಳಬೇಕಿತ್ತು. ಮನೆಯಿಂದಲೇ ಕೆಲಸ, ಇಬ್ಬರು ಮಕ್ಕಳು, ರಾತ್ರಿ ಹತ್ತಕ್ಕೆ ಅಮೆರಿಕದವರ ಜೊತೆ ಕರೆ, ಇಷ್ಟಿದ್ದ ಮೇಲೆ ಸುಸ್ತು ಇರದೆ ಇನ್ನೇನು ಎಂದುಕೊಂಡೆ. ಸುಸ್ತಾದಾಗಲೆಲ್ಲ ಟೀ ಕುಡಿದೆ. ಕುಡಿದ ಅರ್ಧ ಗಂಟೆ ಚೆನ್ನಾಗಿರುತ್ತಿತ್ತು.

ಯಾವುದೋ ಆರೋಗ್ಯ ತಪಾಸಣೆಯಲ್ಲಿ ರಕ್ತ ಕೊಟ್ಟಾಗ ಹಿಮೋಗ್ಲೋಬಿನ್ 8.2 ಎಂದು ಬಂತು. ಗರ್ಭಿಣಿಯಲ್ಲದ ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತಾರೆ. ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು. ಎರಡು ತಿಂಗಳು ತಪ್ಪದೆ ನುಂಗಿದೆ. ಮತ್ತೆ ನೋಡಿದರೆ 8.6. ಆಗ ಬೇರೊಬ್ಬ ವೈದ್ಯೆಯ ಹತ್ತಿರ ಹೋದೆ. ಅವರು ಮುಟ್ಟಿನ ಬಗ್ಗೆ, ಊಟದ ಬಗ್ಗೆ ಎಲ್ಲ ಕೇಳಿದರು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿತ್ತು, ಅದಕ್ಕೆ ಬೇರೆ ಚಿಕಿತ್ಸೆ ಹೇಳಿದರು. ಕೊನೆಗೆ, "ಮಾತ್ರೆ ಯಾವುದರ ಜೊತೆ ನುಂಗುತ್ತೀರಿ?" ಎಂದು ಕೇಳಿದರು.

"ಬೆಳಗ್ಗೆ ಟೀ ಜೊತೆ, ಮೇಡಂ. ಮರೆಯಬಾರದು ಅಂತ."

ಅವರು ಪೆನ್ನು ಕೆಳಗಿಟ್ಟರು. "ದಿನಕ್ಕೆ ಎಷ್ಟು ಟೀ?"

"ಮೂರು" ಅಂದೆ. ಸುಳ್ಳು ಹೇಳಬೇಕೆಂದು ಹೇಳಲಿಲ್ಲ, ಹಾಗೆಂದೇ ತಿಳಿದಿದ್ದೆ. "ಒಂದು ವಾರ ಬರೆದಿಡಿ, ಹೊತ್ತು ಸಮೇತ" ಅಂದರು.

ಬರೆದಿಡುವುದು ನನ್ನ ಕಸುಬು. ಒಂದು ಎಕ್ಸೆಲ್ ಹಾಳೆ ಮಾಡಿದೆ. ಕುಡಿದ ಸಮಯ, ಊಟ-ತಿಂಡಿಗೆ ಎಷ್ಟು ಅಂತರ, ಬಿಸಿ ಇತ್ತೇ ಇಲ್ಲವೇ ಎಂದು ಮೂರು ಕಾಲಂ. ವಾರದ ಕೊನೆಗೆ ನೋಡಿದರೆ 43 ಲೋಟ. ದಿನಕ್ಕೆ ಆರಕ್ಕೂ ಹೆಚ್ಚು! ಅದರಲ್ಲಿ 29 ಲೋಟ ತಿಂಡಿ-ಊಟದ ಜೊತೆಗೇ ಅಥವಾ ಒಂದು ಗಂಟೆಯ ಒಳಗೆ. ಮೂರನೆಯ ಕಾಲಂ ನೋಡಿ ನನಗೇ ಬೇಜಾರಾಯಿತು. ಬಿಸಿ ಇರುವಾಗ, ಕೂತು, ಪೂರ್ತಿ ಕುಡಿದದ್ದು ಒಂಬತ್ತೇ ಲೋಟ. ಉಳಿದವು ಏನು? ಯಜಮಾನರು ಹೊರಟ ಮೇಲೆ ಪಾತ್ರೆಯಲ್ಲಿ ಉಳಿದದ್ದು. ಮಕ್ಕಳ ಟಿಫಿನ್ ಕಟ್ಟಿ ಮುಗಿಸುವ ಹೊತ್ತಿಗೆ ಆರಿದ್ದನ್ನು ಮತ್ತೆ ಕುದಿಸಿದ್ದು. ನೆಂಟರಿಗೆ ಸೋಸಿ ಕೊಟ್ಟ ಮೇಲೆ ಅದೇ ಚರಟಕ್ಕೆ ಸ್ವಲ್ಪ ನೀರು, ಸ್ವಲ್ಪ ಹಾಲು ಹಾಕಿ ಕುದಿಸಿಕೊಂಡದ್ದು. ಚೆಲ್ಲಲು ಮನಸ್ಸು ಬರುವುದಿಲ್ಲ, ನಮಗೆ ಬೇರೆ ಮಾಡಿಕೊಳ್ಳಲೂ ಮನಸ್ಸು ಬರುವುದಿಲ್ಲ. ಯಾರೂ ನನಗೆ ಹಾಗೆ ಮಾಡು ಎಂದು ಹೇಳಿರಲಿಲ್ಲ. ನಾನೇ ಹಾಗೆ ಮಾಡುತ್ತಿದ್ದೆ, ಅದೂ ಗೊತ್ತಿಲ್ಲದೆ.

ಚರಟ ಕುದಿಸಿದರೆ ಏನು ಬರುತ್ತದೆ? ಪರಿಮಳ ಮೊದಲ ಸಲವೇ ಹೋಗಿರುತ್ತದೆ. ಉಳಿದು ಇಳಿಯುವುದು ಹೆಚ್ಚಾಗಿ ಒಗರು. ನೆನಪಿಡಿ ಎಂದೆನಲ್ಲ, ಆ ಟ್ಯಾನಿನ್.

ವಿಷಯ ಹೀಗಿದೆ. ಸೊಪ್ಪು, ಬೇಳೆ, ರಾಗಿ, ಬೆಲ್ಲ ಇವುಗಳಲ್ಲಿರುವ ಕಬ್ಬಿಣಾಂಶ ಮಾಂಸದಲ್ಲಿರುವುದರಷ್ಟು ಸುಲಭವಾಗಿ ನಮ್ಮ ಮೈಗೆ ಹತ್ತುವುದಿಲ್ಲ. ಅದರ ಜೊತೆ ಟೀ ಕುಡಿದರೆ ಟೀಯ ಪಾಲಿಫಿನಾಲ್‌ಗಳು ಹೊಟ್ಟೆಯಲ್ಲೇ ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತವೆ. ರಕ್ತಕ್ಕೆ ಸೇರಬೇಕಾದ್ದು ಹಾಗೇ ಹೊರಗೆ ಹೋಗುತ್ತದೆ. ಇದು ಹೊಸ ಸುದ್ದಿಯಲ್ಲ, 1970ರ ದಶಕದಿಂದ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡದ್ದು. ಹಾಲು ಹಾಕಿದರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ, ಹಾಲಿನ ಕ್ಯಾಲ್ಸಿಯಂ ಕೂಡ ಕಬ್ಬಿಣಕ್ಕೆ ಸ್ವಲ್ಪ ಅಡ್ಡಿಯೇ. ಕಾಫಿ ಮನೆಯವರು ನಗಬೇಡಿ, ಕಾಫಿಯೂ ಹೀಗೇ ಮಾಡುತ್ತದೆ. ಬೆಲ್ಲಂ ಟೀ ಕುಡಿದರೆ ರಕ್ತ ಹೆಚ್ಚುತ್ತದೆ ಎಂಬ ಮಾತು ಇಲ್ಲಿ ಬಹಳ ಕೇಳುತ್ತೇವೆ. ರುಚಿಗೆ ಕುಡಿಯಿರಿ, ರಕ್ತಕ್ಕೆಂದು ಅಲ್ಲ. ಬೆಲ್ಲ ಕೊಡುವ ಸ್ವಲ್ಪ ಕಬ್ಬಿಣಕ್ಕೆ ಅದೇ ಲೋಟದ ಟೀಯೇ ಅಡ್ಡ ಬರುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ. ಎರಡರಲ್ಲಿ ಒಬ್ಬರಿಗಿಂತ ಹೆಚ್ಚು. ಟೀ ಎಲೆ ಕೀಳುವ ಕೆಲಸ ಹೆಚ್ಚಾಗಿ ಹೆಂಗಸರದ್ದು, ಅಸ್ಸಾಂ ತೋಟಗಳ ಆ ಹೆಣ್ಣುಮಕ್ಕಳಲ್ಲೂ ರಕ್ತಹೀನತೆ ದೊಡ್ಡ ಸಮಸ್ಯೆ. ಇದೆಲ್ಲ ಟೀಯಿಂದಲೇ ಎಂದು ನಾನು ಹೇಳುತ್ತಿಲ್ಲ. ಊಟ ಸಾಲದ್ದು, ಮುಟ್ಟು, ಹೆರಿಗೆ, ಜಂತುಹುಳ, ಕಾರಣ ಹಲವು. ಆದರೆ ಬೇರೆ ಕಾರಣಗಳನ್ನು ತೆಗೆಯಲು ಹಣ ಬೇಕು, ಆಸ್ಪತ್ರೆ ಬೇಕು. ಟೀ ಕುಡಿಯುವ ಹೊತ್ತು ಬದಲಾಯಿಸಲು ಗಡಿಯಾರ ಸಾಕು.

ನಾನು ಮಾಡಿದ್ದು ಇಷ್ಟು. ಟೀ ಬಿಡಲಿಲ್ಲ. ಹುಬ್ಬಳ್ಳಿಯವಳಿಗೆ ಅದು ಸಾಧ್ಯವೂ ಇಲ್ಲ. ದಿನಕ್ಕೆ ಮೂರು ಎಂದು ವೈದ್ಯೆಗೆ ಹೇಳಿದ್ದ ಮಾತನ್ನು ನಿಜ ಮಾಡಿದೆ. ತಿಂಡಿ, ಊಟಕ್ಕೂ ಟೀಗೂ ನಡುವೆ ಹಿಂದೆ ಮುಂದೆ ಒಂದು ಗಂಟೆಯಾದರೂ ಅಂತರ ಇಟ್ಟೆ. ಮಾತ್ರೆಯನ್ನು ಟೀಯಿಂದ ದೂರ, ನಿಂಬೆಹಣ್ಣಿನ ನೀರಿನ ಜೊತೆ ನುಂಗಿದೆ. ಹುಳಿಯಲ್ಲಿರುವ ಸಿ ವಿಟಮಿನ್ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ. ಊಟದಲ್ಲಿ ಬೇಳೆ-ಸೊಪ್ಪಿನ ಜೊತೆ ನಿಂಬೆ, ನೆಲ್ಲಿಕಾಯಿ ಏನಾದರೂ ಇರುವ ಹಾಗೆ ನೋಡಿಕೊಂಡೆ. ಚರಟ ಗುಲಾಬಿ ಗಿಡದ ಬುಡಕ್ಕೆ ಹೋಯಿತು. ಕುದಿಸುವುದೂ ಕಡಿಮೆಯಾಯಿತು. ಪುಡಿ ಹಾಕಿ ಮೂರು ನಿಮಿಷ, ಆಮೇಲೆ ಸೋಸಿಬಿಡುವುದು. ನಾಲ್ಕು ತಿಂಗಳ ಮೇಲೆ 11.4 ಆಯಿತು. ಇನ್ನೂ 12ರ ಗೆರೆ ದಾಟಿಲ್ಲ, ಆದರೆ ತರಕಾರಿ ಚೀಲ ಹಿಡಿದು ಮೂರನೆಯ ಮಹಡಿಗೆ ನಿಲ್ಲದೆ ಹತ್ತುತ್ತೇನೆ. ಚಿಕಿತ್ಸೆ, ಮಾತ್ರೆ, ಹೊತ್ತು ಎಲ್ಲವೂ ಸೇರಿ ಆದದ್ದು ಅದು.

ಆಗ ನನಗೆ ನೆನಪಾದದ್ದು ನನ್ನ ಅವ್ವ. ನಮ್ಮದು ಹನ್ನೊಂದು ಜನರ ಮನೆ. ಅವ್ವ ಎಲ್ಲರಿಗೂ ಚಹಾ ಸೋಸಿ ಕೊಟ್ಟು, ಕೊನೆಗೆ ಅದೇ ಪಾತ್ರೆಗೆ ನೀರು ಹಾಕಿ, ಕುದಿಸಿ, ಒಲೆಯ ಮುಂದೆ ನಿಂತುಕೊಂಡೇ ಕುಡಿಯುತ್ತಿದ್ದಳು. ಜೊತೆಗೆ ರಾತ್ರಿಯ ರೊಟ್ಟಿ. ಎಷ್ಟೋ ದಿನ ಅವಳ ಬೆಳಗಿನ ತಿಂಡಿ ಅಷ್ಟೇ. ನಾನು ಕಂಡಾಗಿನಿಂದ ಅವಳಿಗೆ ಸುಸ್ತು. ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಯಾಕೆ ಅಂದರೆ, "ಹೆಣ್ಮಕ್ಕಳಿಗೆ ಸುಸ್ತು ಇರೂದ ಬಿಡವಾ. ಒಂದೀಟು ಚಹಾ ಕುಡದರ ಸರಿ ಆಕ್ಕೈತಿ" ಅನ್ನುತ್ತಿದ್ದಳು. ನಾನು ಎಂ.ಟೆಕ್ ಮಾಡಿದೆ, ಕಂಪನಿಯಲ್ಲಿ ತಂಡ ನಡೆಸುತ್ತೇನೆ. ಆದರೆ ನನ್ನ ಅಡುಗೆಮನೆಯಲ್ಲಿ ನಾನು ಮಾಡುತ್ತಿದ್ದದ್ದು ಅವ್ವ ಮಾಡಿದ್ದನ್ನೇ.

ಕಳೆದ ದೀಪಾವಳಿಗೆ ಹೋದಾಗ ಅವಳ ರಕ್ತ ಪರೀಕ್ಷೆ ಮಾಡಿಸಿದೆ. ಅರವತ್ತಮೂರು ವರ್ಷಕ್ಕೆ ಮೊದಲ ಸಲ. 7.9. ವೈದ್ಯರು, "ಇಷ್ಟು ದಿನ ಹೇಗೆ ಓಡಾಡಿದಿರಿ ಅಮ್ಮಾ?" ಎಂದು ಕೇಳಿದರೆ ಅವಳಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಈಗ ಅವಳಿಗೂ ಚಿಕಿತ್ಸೆ ನಡೆಯುತ್ತಿದೆ. ದಿನಾ ಫೋನಿನಲ್ಲಿ ನಾನು ಕೇಳುವ ಪ್ರಶ್ನೆ ಬದಲಾಗಿದೆ. ಮೊದಲು "ಚಹಾ ಆತೇನವಾ?" ಎಂದು ಕೇಳುತ್ತಿದ್ದೆ. ಈಗ "ಯಾವಾಗ ಕುಡದಿ? ಕೂತು ಕುಡದಿ?" ಎಂದು ಕೇಳುತ್ತೇನೆ. "ಏನ್ ಪೊಲೀಸರ ಹಂಗ ಕೇಳ್ತೀಯ" ಎಂದು ಬೈಯುತ್ತಾಳೆ. ಬೈಯಲಿ, ದನಿಯಲ್ಲಿ ಜೋರು ಬಂದಿದೆ.

ನಿಮ್ಮಲ್ಲಿ ನನ್ನ ಕೋರಿಕೆ ನಾಲ್ಕೇ. ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್ ನೋಡಿಸಿ, ಪರೀಕ್ಷೆ ಇಲ್ಲದೆ ನೀವೇ ಮಾತ್ರೆ ಶುರು ಮಾಡಬೇಡಿ. ಊಟಕ್ಕೂ ಟೀಗೂ ಒಂದು ಗಂಟೆ ಅಂತರ ಇರಲಿ. ಚಿಕ್ಕ ಮಕ್ಕಳಿಗೆ ಬಿಸ್ಕತ್ತು ಅದ್ದಿ ಟೀ ಕೊಡುವ ಅಭ್ಯಾಸ ಬಿಡಿ, ಅವರಿಗೂ ಕಬ್ಬಿಣ ಬೇಕು. ಮನೆಗೆಲಸಕ್ಕೆ ಬರುವ ಅಕ್ಕನಿಗೂ ಈ ಮಾತು ಹೇಳಿ, ಅವರಿಗೆ ಟೀ ಜೊತೆ ತಿಂಡಿ ಕೊಡುವ ಬದಲು ಮೊದಲು ತಿಂಡಿ ಕೊಟ್ಟು ಹೊರಡುವಾಗ ಟೀ ಕೊಡಿ. ತಳ್ಳುಗಾಡಿಯ ಅಮ್ಮನಿಗೂ ನಾನು ಹೇಳಿದ್ದೇನೆ. ಇಡ್ಲಿ ತಿಂದ ಕೂಡಲೇ ಟೀ ಕೇಳುವ ಹುಡುಗಿಯರಿಗೆ ಅವರು, ವ್ಯಾಪಾರ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲವೆಂದು, "ಟೀ ಬ್ರೇಕಿನಲ್ಲಿ ಕುಡೀರಮ್ಮಾ" ಎಂದು ತೆಲುಗಿನಲ್ಲಿ ಹೇಳಿ ಕಳಿಸುವುದನ್ನು ಕಣ್ಣಾರೆ ನೋಡಿದ್ದೇನೆ.

ಐದನೆಯದು ಕೋರಿಕೆಯಲ್ಲ, ಸಲಹೆ. ದಿನಕ್ಕೆ ಒಂದು ಲೋಟ ಟೀ ನಿಮಗೋಸ್ಕರ ಮಾಡಿಕೊಳ್ಳಿ. ಉಳಿದದ್ದಲ್ಲ, ಆರಿದ್ದಲ್ಲ, ಹೊಸದು. ಸುಲೈಮಾನಿಯೋ, ಅಲ್ಲಂ ಟೀಯೋ, ಹಾಸನದವರಾದರೆ ಕಾಫಿಯೋ, ನಿಮ್ಮಿಷ್ಟ. ಕೂತುಕೊಂಡು ಕುಡಿಯಿರಿ.

ಇಂದಿನ ಟೀಯನ್ನು ನಮ್ಮ ಸಂಘದ ಗಂಡಸರು ಹಿಂದಿನ ಅಡುಗೆಮನೆಯಲ್ಲಿ ಮಾಡುತ್ತಿದ್ದಾರೆ. ಬೆಲ್ಲವನ್ನು ಒಲೆ ಆರಿಸಿದ ಮೇಲೆ ಹಾಕಬೇಕು ಎಂದು ಮೂರು ಸಲ ಹೇಳಿ ಬಂದಿದ್ದೇನೆ. ಏನಾಗಿದೆಯೋ ನೋಡಬೇಕು. ಊಟ ಒಂದೂವರೆ ಗಂಟೆ ಕಳೆದ ಮೇಲೆ ಇದೆ, ಅದನ್ನೂ ಲೆಕ್ಕ ಹಾಕಿಯೇ ಇಟ್ಟಿದ್ದೇವೆ. ಯಾರೂ ಎದ್ದು ಬಡಿಸಲು ಹೋಗಬೇಡಿ. ಬಿಸಿ ಇರುವಾಗಲೇ ಕುಡಿಯೋಣ.